ತಮ್ಮನ ಗುಲ್ಮ ಊದಿದೆ, ಇಳಿಸುವ ಸೂಜಿ ಹಾಕಿಸಲೇ?

ಪ್ರಶ್ನೆ: ನಾವು ಕಾರಟಗಿ ಹತ್ತಿರದ ಹಳ್ಳಿಯವರು. ನನ್ನ ತಮ್ಮನಿಗೆ 26 ವರ್ಷ. ಗಾರೆ ಕೆಲಸಕ್ಕೆ ಮಂಗಳೂರಿಗೆ ಗುಳೆ ಹೋಗುತ್ತಾನೆ. ಎರಡು ತಿಂಗಳ ಹಿಂದೆ ಅಲ್ಲಿ ಚಳಿ ಜ್ವರ ಬಂತು, ವೈವಾಕ್ಸ್ ಮಲೇರಿಯಾ ಅಂದರು. ಮೂರು ದಿನದ ಗುಳಿಗೆ ಮುಗಿಸಿದ. 14 ದಿನ ನುಂಗಬೇಕಾದ ಇನ್ನೊಂದು ಗುಳಿಗೆಯನ್ನು ಹೊಟ್ಟೆ ಉರಿಯುತ್ತದೆ ಅಂತ ನಾಲ್ಕೇ ದಿನಕ್ಕೆ ಬಿಟ್ಟ. ಊರಿಗೆ ಬಂದ ಮೇಲೆ ಮತ್ತೆ ಜ್ವರ, ಮತ್ತೆ ವೈವಾಕ್ಸ್. ಮೂರು ದಿನದ ಗುಳಿಗೆ ಮತ್ತೆ ಆಗಿದೆ, ಈಗ ಜ್ವರ ಇಲ್ಲ. ಆದರೆ ಸ್ಕ್ಯಾನಿನಲ್ಲಿ ಗುಲ್ಮ (ಸ್ಪ್ಲೀನ್) 14.5 ಸೆಂ.ಮೀ. ಅಂತ ಬಂದಿದೆ. ಹಿಮೋಗ್ಲೋಬಿನ್ 9.8, ಪ್ಲೇಟ್‌ಲೆಟ್ 82 ಸಾವಿರ. ‘ಮೊನೊಸೈಟ್‌ಗಳಲ್ಲಿ ಮಲೇರಿಯಾ ಪಿಗ್ಮೆಂಟ್ ಇದೆ’ ಅಂತ ರಕ್ತದ ವರದಿಯಲ್ಲಿ ಬರೆದಿದ್ದಾರೆ. ಊರಲ್ಲಿ ಸೂಜಿ ಮಾಡುವವರು, ‘ಒಳಗೆ ಉರಿಯೂತ ಜಾಸ್ತಿ ಇದೆ, ಎರಡು ದಿನ ಡೆಕ್ಸಾ ಹಾಕಿದರೆ ಗುಲ್ಮ ಇಳಿಯುತ್ತದೆ’ ಅನ್ನುತ್ತಾರೆ. ಮೊಬೈಲಿನಲ್ಲಿ ನೋಡಿದರೆ, ಉರಿಯೂತ ಇದ್ದಾಗಲೇ ಬಿಳಿ ರಕ್ತಕಣಗಳು ಮಲೇರಿಯಾ ರೋಗಾಣುವನ್ನು ಚೆನ್ನಾಗಿ ತಿನ್ನುತ್ತವೆ ಅಂತಿದೆ. ಹಾಗಾದರೆ ಉರಿಯೂತ ಇರಬೇಕಾ, ಇಳಿಸಬೇಕಾ? ದೊಡ್ಡವ್ವ ಹೊಟ್ಟೆಗೆ ಬರೆ ಹಾಕಿಸೋಣ ಅಂತಾಳೆ. ಮೊಟ್ಟೆ ಕೊಟ್ಟರೆ ನಂಜಾ? ಇನ್ನು ಹದಿನೈದು ದಿನಕ್ಕೆ ಅವನು ವಾಪಸ್ ಹೋಗಬೇಕು.

ಉತ್ತರ: ಮೊದಲು ಸೂಜಿಯ ಮಾತು ಮುಗಿಸಿಬಿಡೋಣ. ನೀವು ಇದನ್ನು ಓದುವ ಹೊತ್ತಿಗೆ ಯಾರಾದರೂ ಔಷಧಿಯನ್ನು ಸಿರಿಂಜಿಗೆ ಎಳೆದುಕೊಂಡು ನಿಂತಿರಬಹುದು. ಬೇಡ. ಡೆಕ್ಸಾ ಅಂದರೆ ಉರಿಯೂತ ತಗ್ಗಿಸುವ ಸ್ಟೆರಾಯ್ಡ್, ಅದನ್ನು ಹಾಕಿಸಬೇಡಿ. ಬರೆಯೂ ಬೇಡ. ನಾಲ್ಕು ದಿನಕ್ಕೆ ಬಿಟ್ಟ ಆ 14 ದಿನದ ಗುಳಿಗೆ ಇದೆಯಲ್ಲ, ನಿಮ್ಮ ತಮ್ಮನ ತೊಂದರೆಯ ಬೇರು ಅಲ್ಲಿದೆ, ಗುಲ್ಮದಲ್ಲಿ ಅಲ್ಲ.

ಇನ್ನು ಸಮಾಧಾನವಾಗಿ ಮಾತಾಡೋಣ. ನಿಮ್ಮ ಗೊಂದಲ ನ್ಯಾಯವಾದದ್ದೇ. ಒಬ್ಬರು ಉರಿಯೂತ ಕೆಟ್ಟದ್ದು, ಇಳಿಸಬೇಕು ಅನ್ನುತ್ತಾರೆ. ಮೊಬೈಲು ಉರಿಯೂತವೇ ಕಾಪಾಡುತ್ತದೆ ಅನ್ನುತ್ತದೆ. ಎರಡರಲ್ಲೂ ಅರ್ಧ ಸತ್ಯ ಇದೆ. ಅದಕ್ಕೇ ಇಬ್ಬರೂ ಅಷ್ಟು ಜೋರಾಗಿ ಹೇಳುತ್ತಾರೆ.

ನಮ್ಮ ಕಡೆ ಜ್ವರಕ್ಕೇ ‘ಉರಿ’ ಅನ್ನುವವರು ಬಹಳ ಮಂದಿ. ಹಾಗಾಗಿ ಉರಿಯೂತ ಅಂದ ಕೂಡಲೇ ಒಳಗೆ ಏನೋ ಬೇಯುತ್ತಿದೆ ಅನ್ನಿಸಿ ಹೆದರಿಕೆಯಾಗುತ್ತದೆ. ಆದರೆ ಒಂದು ಜಾಲಿ ಮುಳ್ಳಿನ ಲೆಕ್ಕ ಹಾಕಿ. ಹೊಲದಲ್ಲಿ ಕಾಲಿಗೆ ಚುಚ್ಚಿ ಒಳಗೇ ಮುರಿದರೆ ಮರುದಿನ ಅಲ್ಲಿ ಕೆಂಪಾಗಿ, ಬಿಸಿಯಾಗಿ ಬಾತುಕೊಳ್ಳುತ್ತದೆ. ಇನ್ನೆರಡು ದಿನಕ್ಕೆ ಕೀವು. ಆ ಕೀವಿನಲ್ಲಿ ಬಹುಪಾಲು ಸತ್ತ ಬಿಳಿ ರಕ್ತಕಣಗಳೇ. ಮುಳ್ಳು ಹೊಕ್ಕ ಸುದ್ದಿ ಸಿಕ್ಕಿ ಓಡಿ ಬಂದು, ಅಲ್ಲೇ ಕೆಲಸ ಮಾಡಿ ಸತ್ತವು. ಇದನ್ನು ಕಣ್ಣಾರೆ ಕಂಡು ಲೋಕಕ್ಕೆ ಹೇಳಿದವರು ರಷ್ಯಾದ ವಿಜ್ಞಾನಿ ಇಲ್ಯಾ ಮೆಚ್ನಿಕಾಫ್. 1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿದ್ದಾಗ ನಕ್ಷತ್ರ ಮೀನಿನ ಪಾರದರ್ಶಕ ಮರಿಗೆ ಗುಲಾಬಿ ಮುಳ್ಳು ಚುಚ್ಚಿ ಇಟ್ಟರು. ಬೆಳಗ್ಗೆ ನೋಡಿದರೆ ಮುಳ್ಳಿನ ಸುತ್ತ ಕಣಗಳು ಮುತ್ತಿಕೊಂಡಿದ್ದವು. ಈ ‘ನುಂಗುವ ಕಣ’ಗಳ ಕೆಲಸಕ್ಕಾಗಿ 1908ರಲ್ಲಿ ಅವರಿಗೆ ನೊಬೆಲ್ ಬಂತು.

ಮಲೇರಿಯಾದಲ್ಲಿ ಮುಳ್ಳು ಒಂದೇ ಜಾಗದಲ್ಲಿ ಇರುವುದಿಲ್ಲ, ಇಡೀ ರಕ್ತದಲ್ಲಿ ತೇಲುತ್ತದೆ. ಅದೂ ಬರಿಮೈಯಲ್ಲಿ ತೇಲುವುದಿಲ್ಲ. ಕೆಂಪು ರಕ್ತಕಣದೊಳಗೆ ಹೊಕ್ಕು ಬಾಗಿಲು ಹಾಕಿಕೊಂಡಿರುತ್ತದೆ. ಎರಡು ದಿನಕ್ಕೊಮ್ಮೆ ಕಣ ಒಡೆದು ಮರಿಗಳು ಹೊರಬಂದಾಗ ಮೈ ನಡುಗುವ ಚಳಿ, ಹಿಂದೆಯೇ ಜ್ವರ, ಆಮೇಲೆ ಬೆವರು. ಹೀಗೆ ಅಡಗಿ ತೇಲುವ ಕಳ್ಳನನ್ನು ಹಿಡಿಯಲು ದೇಹಕ್ಕೆ ಒಂದು ನಾಕಾಬಂದಿ ಬೇಕು. ಅದೇ ಗುಲ್ಮ.

ಎಡ ಪಕ್ಕೆಲುಬಿನ ಕೆಳಗೆ ಸುಮಾರು 150 ಗ್ರಾಂ ತೂಗುವ ಅಂಗ ಅದು. ರೈಸ್ ಮಿಲ್ ಜರಡಿ ಹೇಗಿರುತ್ತದೆ ಅಂತ ಕಾರಟಗಿಯವರಿಗೆ ನಾನು ಹೇಳಬೇಕಿಲ್ಲ. ಮಿಲ್ಲಿನ ಜರಡಿ ಕಾಳಿನ ಗಾತ್ರ ನೋಡುತ್ತದೆ. ಗುಲ್ಮದ ಜರಡಿ ನೋಡುವುದು ಕಣ ಮೆತ್ತಗಿದೆಯೇ ಅಂತ. ಕೆಂಪು ರಕ್ತಕಣದ ಅಗಲ ಸುಮಾರು 7-8 ಮೈಕ್ರಾನ್. ಗುಲ್ಮದಲ್ಲಿ ಅದು ನುಸುಳಬೇಕಾದ ಸಂದು ಒಂದೆರಡು ಮೈಕ್ರಾನ್ ಅಷ್ಟೇ. ಎಳೆಯ, ಆರೋಗ್ಯದ ಕಣ ಮೈ ಮಡಚಿ ಸರ್ರನೆ ದಾಟುತ್ತದೆ. ಮುದಿ ಕಣ ಬಿರುಸಾಗಿರುತ್ತದೆ, ಸಿಕ್ಕಿಹಾಕಿಕೊಳ್ಳುತ್ತದೆ. ಕೆಂಪು ಕಣದ ಆಯಸ್ಸು ಸುಮಾರು 120 ದಿನ. ಆಯಸ್ಸು ಮುಗಿದವನ್ನು ಹೆಕ್ಕಿ ತೆಗೆಯುವ ಈ ಕೆಲಸ ಜ್ವರ ಇರಲಿ ಬಿಡಲಿ ದಿನವೂ ನಡೆಯುತ್ತದೆ. ಗುಲ್ಮ ಮತ್ತು ಲಿವರ್ ಸೇರಿ ಸೆಕೆಂಡಿಗೆ ಹತ್ತಿರ ಹತ್ತಿರ 20 ಲಕ್ಷ ಮುದಿ ಕಣಗಳನ್ನು ಹೀಗೆ ವಿಲೇವಾರಿ ಮಾಡುತ್ತವೆ.

ರೋಗಾಣು ಹೊಕ್ಕ ಕಣವೂ ಬಿರುಸಾಗುತ್ತದೆ. ಸಂದಿನಲ್ಲಿ ಸಿಕ್ಕಿದ ಕೂಡಲೇ ಅಲ್ಲೇ ಕಾದು ಕುಳಿತ ಮ್ಯಾಕ್ರೋಫೇಜ್ ಎಂಬ ದೊಡ್ಡ ಕಣ ಅದನ್ನು ಸುತ್ತುವರಿದು ನುಂಗುತ್ತದೆ. ಕೆಲವೊಮ್ಮೆ ಇನ್ನೂ ಚಂದದ ಕೆಲಸ ನಡೆಯುತ್ತದೆ. ಗುಲ್ಮ ಕೆಂಪು ಕಣವನ್ನು ಉಳಿಸಿ, ಒಳಗಿನ ರೋಗಾಣುವನ್ನು ಮಾತ್ರ ಹಿಂಡಿ ತೆಗೆಯುತ್ತದೆ, ಹುಣಸೆಹಣ್ಣಿನಿಂದ ಬೀಜ ತೆಗೆದ ಹಾಗೆ. ಫಾಲ್ಸಿಪೇರಂ ಎಂಬ ಇನ್ನೊಂದು, ಹೆಚ್ಚು ಅಪಾಯದ ಜಾತಿಯ ಮಲೇರಿಯಾಕ್ಕೆ ಆರ್ಟಿಸುನೇಟ್ ಸೂಜಿ ಕೊಟ್ಟಾಗ ರೋಗಾಣುಗಳು ಅಷ್ಟು ಬೇಗ ಮಾಯವಾಗುವುದರಲ್ಲಿ ಗುಲ್ಮದ ಈ ಕೈಚಳಕದ ಪಾಲು ದೊಡ್ಡದು. ಆದರೆ ಹೀಗೆ ಹಿಂಡಿಸಿಕೊಂಡ ಕಣಗಳು ಹೆಚ್ಚು ದಿನ ಬಾಳುವುದಿಲ್ಲ. ಅದಕ್ಕೇ ಆ ಸೂಜಿ ಪಡೆದ ಕೆಲವರಿಗೆ ಒಂದೆರಡು ವಾರ ಬಿಟ್ಟು ಹಿಮೋಗ್ಲೋಬಿನ್ ದಿಢೀರನೆ ಇಳಿಯುವುದುಂಟು.

ಇಷ್ಟು ದಿನನಿತ್ಯದ ವ್ಯವಸ್ಥೆ. ರೋಗಾಣು ಕೋಟಿಗಟ್ಟಲೆ ಆದಾಗ ಕಾಯಂ ಕೆಲಸಗಾರರು ಸಾಲುವುದಿಲ್ಲ. ಭತ್ತದ ಸುಗ್ಗಿಯಲ್ಲಿ ಊರಿನ ಆಳು ಸಾಲದೆ ಹೊರಗಿನವರು ಬಂದು ಇಳಿಯುವುದಿಲ್ಲವೇ, ಹಾಗೆ. ಇಲ್ಲಿ ಗುಳೆ ಬರುವ ಬಿಳಿ ರಕ್ತಕಣಗಳು ಮೊನೊಸೈಟ್‌ಗಳು. ಅವು ಹುಟ್ಟುವುದು ಎಲುಬಿನ ಮಜ್ಜೆಯಲ್ಲಿ. ಮೊದಲ ಸುತ್ತಿನ ಬಿಳಿ ಕಣಗಳು ಇಂಟರ್‌ಫೆರಾನ್ ಗಾಮಾ ಎಂಬ ಪದಾರ್ಥವನ್ನು ರಕ್ತಕ್ಕೆ ಬಿಡುತ್ತವೆ. ಆ ಕೂಗಿಗೆ ಮಜ್ಜೆಯಿಂದ ಮೊನೊಸೈಟ್‌ಗಳು ಗುಂಪುಗುಂಪಾಗಿ ಹೊರಟು ಗುಲ್ಮದಲ್ಲಿ ಇಳಿಯುತ್ತವೆ. ಇಂಟರ್‌ಫೆರಾನ್ ತಾಗಿದ ಮೊನೊಸೈಟ್‌ನ ಹಸಿವೇ ಬೇರೆ. ಸಾಮಾನ್ಯ ದಿನದಲ್ಲಿ ತಿನ್ನುವುದಕ್ಕಿಂತ ಜಾಸ್ತಿ ತಿನ್ನುತ್ತದೆ, ತಿಂದದ್ದನ್ನು ಸುಡುವ ಶಕ್ತಿಯೂ ಜಾಸ್ತಿ. ಇಲಿಗಳಲ್ಲಿ ನಡೆದ ಪ್ರಯೋಗಗಳಲ್ಲಿ ಒಂದು ಸ್ವಾರಸ್ಯ ಕಂಡಿದೆ. ಸೋಂಕು ತಾರಕದಲ್ಲಿದ್ದಾಗ ಗುಲ್ಮದ ಹಳೆಯ, ಕಾಯಂ ಮ್ಯಾಕ್ರೋಫೇಜ್‌ಗಳು ಕಡಿಮೆಯಾಗುತ್ತವೆ, ಹೊಸದಾಗಿ ಬಂದ ಈ ಮೊನೊಸೈಟ್‌ಗಳೇ ಭಾರ ಹೊರುತ್ತವೆ. ಸೋಂಕು ಇಳಿದ ಮೇಲೆ ಹಳೆಯ ವ್ಯವಸ್ಥೆ ನಿಧಾನವಾಗಿ ಮರಳುತ್ತದೆ. ನೀವು ಮೊಬೈಲಿನಲ್ಲಿ ಓದಿದ ‘ಉರಿಯೂತ ಇದ್ದಾಗಲೇ ಚೆನ್ನಾಗಿ ತಿನ್ನುತ್ತವೆ’ ಎಂಬ ಮಾತಿನ ಮೂಲ ಇದು.

ಈಗ ಗುಲ್ಮ ಯಾಕೆ ಊದಿತು ಅಂತ ನಾನು ಬಿಡಿಸಿ ಹೇಳಬೇಕೇ? ಜರಡಿಯಲ್ಲಿ ಸಿಕ್ಕಿಬಿದ್ದ ಕೆಂಪು ಕಣಗಳು, ಹೊರಗಿಂದ ಬಂದಿಳಿದ ಮೊನೊಸೈಟ್‌ಗಳು, ಅಲ್ಲೇ ಸಂಖ್ಯೆ ಹೆಚ್ಚಿಸಿಕೊಂಡ ಬೇರೆ ಬಗೆಯ ಬಿಳಿ ಕಣಗಳಾದ ಲಿಂಫೋಸೈಟ್‌ಗಳು. ಸುಗ್ಗಿಯಲ್ಲಿ ಮನೆಯ ಅಂಗಳ ತುಂಬಿದ ಹಾಗೆ. ದೊಡ್ಡವರಲ್ಲಿ ಸುಮಾರು 12 ಸೆಂ.ಮೀ. ವರೆಗೆ ಗುಲ್ಮ ಸಹಜ. ಮಲೇರಿಯಾ ಆದ ಹೊಸದರಲ್ಲಿ 14.5 ಅಂದರೆ ನಾನು ಹುಬ್ಬೇರಿಸುವುದಿಲ್ಲ.

ಇದೇ ಲಿಂಫೋಸೈಟ್‌ಗಳಲ್ಲಿ ಕೆಲವು ಆಮೇಲೆ ಪ್ರತಿಕಾಯಗಳನ್ನು ತಯಾರಿಸುತ್ತವೆ. ಪ್ರತಿಕಾಯ ರೋಗಾಣುವಿನ ಮೇಲೆ ಅಂಟಿಕೊಂಡು ‘ಇದನ್ನು ತಿನ್ನು’ ಎಂದು ಚೀಟಿ ಹಚ್ಚಿದ ಹಾಗೆ ಕೆಲಸ ಮಾಡುತ್ತದೆ, ನುಂಗುವ ಕಣಕ್ಕೆ ಹಿಡಿತ ಸಿಗುತ್ತದೆ. 1961ರಲ್ಲಿ ಪ್ರಕಟವಾದ ಆಫ್ರಿಕಾದ ಗ್ಯಾಂಬಿಯಾದ ಒಂದು ಪ್ರಯೋಗ ಇದನ್ನು ತೋರಿಸಿತು. ಮಲೇರಿಯಾ ಮತ್ತೆ ಮತ್ತೆ ಬಂದು ಮೈಗೂಡಿಸಿಕೊಂಡ ದೊಡ್ಡವರ ರಕ್ತದಿಂದ ಪ್ರತಿಕಾಯ ತೆಗೆದು ಕಾಯಿಲೆ ಬಿದ್ದ ಮಕ್ಕಳಿಗೆ ಕೊಟ್ಟಾಗ ರೋಗಾಣುಗಳ ಸಂಖ್ಯೆ ಇಳಿಯಿತು. ಆದರೆ ಆ ದೊಡ್ಡವರು ಹುಟ್ಟಿದಾಗಿನಿಂದ ವರ್ಷ ವರ್ಷ ಕಚ್ಚಿಸಿಕೊಂಡವರು. ಎರಡು ಸಲ ಜ್ವರ ಬಂದ ನಿಮ್ಮ ತಮ್ಮನಿಗೆ ಆ ರಕ್ಷಣೆ ಇಲ್ಲ. ನಮ್ಮ ಭಾಗದ ಯಾರಿಗೂ ಇಲ್ಲ ಅನ್ನಬಹುದು.

ಇನ್ನು ವರದಿಯಲ್ಲಿನ ಪಿಗ್ಮೆಂಟ್. ಅದನ್ನು ಓದಿ ನಿಮಗೆ ಗಾಬರಿಯಾಗಿದೆ, ನನಗಂತೂ ಅದು ಇಡೀ ವರದಿಯ ಅತಿ ಸ್ವಾರಸ್ಯದ ಸಾಲು. ರೋಗಾಣು ಕೆಂಪು ಕಣದೊಳಗೆ ಕುಳಿತು ಹಿಮೋಗ್ಲೋಬಿನ್ ತಿನ್ನುತ್ತದೆ. ಅದರಲ್ಲಿನ ಕಬ್ಬಿಣದ ಭಾಗ ಅದಕ್ಕೇ ವಿಷ. ಹಾಗಾಗಿ ಅದನ್ನು ಕಂದು-ಕಪ್ಪು ಹರಳು ಮಾಡಿ ಪಕ್ಕಕ್ಕಿಡುತ್ತದೆ. ಊಟ ಮಾಡಿ ಬಿಟ್ಟ ಎಂಜಲು ಅಂದುಕೊಳ್ಳಿ. ನುಂಗುವ ಕಣ ರೋಗಾಣುವನ್ನು ಜೀರ್ಣಿಸಿಕೊಳ್ಳುತ್ತದೆ, ಆ ಹರಳನ್ನು ಅರಗಿಸಿಕೊಳ್ಳಲಾರದೆ ಹೊಟ್ಟೆಯಲ್ಲಿ ಇಟ್ಟುಕೊಂಡೇ ತಿರುಗುತ್ತದೆ. ಲ್ಯಾಬಿನವರು ಕಂಡದ್ದು ಅದನ್ನೇ. ಮೊನೊಸೈಟ್ ಬಾಯಿ ಒರೆಸಿಕೊಳ್ಳದೆ ಸಿಕ್ಕಿಬಿದ್ದಿದೆ, ಅಷ್ಟೇ. 1880ರಲ್ಲಿ ಅಲ್ಜೀರಿಯಾದಲ್ಲಿ ಫ್ರೆಂಚ್ ವೈದ್ಯ ಲಾವೆರಾನ್ ಈ ಕಪ್ಪು ಕಣಗಳ ಬೆನ್ನು ಹತ್ತಿಯೇ ರೋಗಾಣುವನ್ನು ಕಂಡುಹಿಡಿದರು. 1897ರ ಆಗಸ್ಟ್‌ನಲ್ಲಿ, ರಾಯಚೂರಿಗೆ ದೂರವೇನಲ್ಲದ ಸಿಕಂದರಾಬಾದ್‌ನಲ್ಲಿ, ಬ್ರಿಟಿಷ್ ವೈದ್ಯ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ರೋಗಾಣುವನ್ನು ಗುರುತಿಸಿದ್ದೂ ಇದೇ ಬಣ್ಣದ ಸುಳಿವಿನಿಂದ. ಒಂದು ಮಾತು ಮಾತ್ರ ನೆನಪಿಡಿ. ಹರಳು ತುಂಬಿಕೊಂಡ ಕಣಗಳು ಆಮೇಲೆ ಮೊದಲಿನಷ್ಟು ಚುರುಕಾಗಿ ಕೆಲಸ ಮಾಡುವುದಿಲ್ಲ. ಮಲೇರಿಯಾ ಆದ ಮೇಲೆ ಕೆಲ ದಿನ ಬೇರೆ ಸೋಂಕು ಸುಲಭವಾಗಿ ತಗಲುವುದಕ್ಕೆ ಇದೂ ಒಂದು ಕಾರಣ.

ಇಷ್ಟೆಲ್ಲ ಪಡೆ ಇದ್ದರೆ ಗುಳಿಗೆ ಯಾಕೆ ಬೇಕು? ಯಾಕೆಂದರೆ ಎದುರಿಗಿರುವವನು ದಡ್ಡನಲ್ಲ.

ಕೆಂಪು ರಕ್ತಕಣಕ್ಕೆ ನ್ಯೂಕ್ಲಿಯಸ್ ಇಲ್ಲ. ನಮ್ಮ ಬೇರೆ ಕಣಗಳೊಳಗೆ ಶತ್ರು ಹೊಕ್ಕರೆ ‘ನನ್ನೊಳಗೆ ಕಳ್ಳ ಇದ್ದಾನೆ’ ಎಂದು ಮೈಮೇಲೆ ಗುರುತು ತೋರಿಸುತ್ತವೆ. ಬಲಿತ ಕೆಂಪು ಕಣಕ್ಕೆ ಆ ಶಕ್ತಿ ಇಲ್ಲ. ಫಾಲ್ಸಿಪೇರಂ ಜಾತಿ ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ. ತಾನಿರುವ ಕಣದ ಮೈಮೇಲೆ ಅಂಟು ಗುಬುಟು ಎಬ್ಬಿಸಿ, ಮೆದುಳು, ಕಿಡ್ನಿಗಳ ಸಣ್ಣ ರಕ್ತನಾಳದ ಗೋಡೆಗೆ ಅಂಟಿಕೊಂಡುಬಿಡುತ್ತದೆ. ಗುಲ್ಮದ ಕಡೆ ಹೋಗುವುದೇ ಇಲ್ಲ. ಆ ಅಂಟಿಗೆ ಪ್ರತಿಕಾಯ ತಯಾರಾಗುವಷ್ಟರಲ್ಲಿ ಬೇರೆ ಅಂಟು ತೊಡುತ್ತದೆ. ಅದರ ಪೆಟ್ಟಿಗೆಯಲ್ಲಿ ಸುಮಾರು 60 ವೇಷಗಳಿವೆ. ನಮ್ಮ ಹಗಲುವೇಷದವರೂ ಸೋಲಬೇಕು.

ವೈವಾಕ್ಸ್‌ನ ಉಪಾಯ ಬೇರೆ. ಸೊಳ್ಳೆ ಕಚ್ಚಿದ ಮೇಲೆ ರೋಗಾಣು ಮೊದಲು ಹೋಗುವುದು ಲಿವರಿಗೆ. ವೈವಾಕ್ಸ್‌ನಲ್ಲಿ ಕೆಲವು ಅಲ್ಲೇ ನಿದ್ದೆ ಹೊಡೆಯುತ್ತವೆ, ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ. ಜ್ವರ ಇಲ್ಲ, ಚಳಿ ಇಲ್ಲ, ರಕ್ತ ಪರೀಕ್ಷೆಯಲ್ಲಿ ಏನೂ ಕಾಣುವುದಿಲ್ಲ. ನುಂಗುವ ಕಣಗಳು ರಕ್ತವನ್ನು ಎಷ್ಟೇ ತೊಳೆದರೂ ಇವು ಕೈಗೆ ಸಿಗುವುದಿಲ್ಲ. ಮೂರು ದಿನದ ಕ್ಲೋರೋಕ್ವಿನ್‌ಗೂ ಸಿಗುವುದಿಲ್ಲ, ಅದು ಕೊಲ್ಲುವುದು ರಕ್ತದಲ್ಲಿರುವವನ್ನು. ಮಲಗಿದ್ದನ್ನು ಮುಗಿಸುವುದು 14 ದಿನದ ಪ್ರೈಮಾಕ್ವಿನ್. ನಿಮ್ಮ ತಮ್ಮ ಬಿಟ್ಟದ್ದು ಅದನ್ನೇ ಇರಬೇಕು. ಎರಡು ತಿಂಗಳಿಗೆ ಜ್ವರ ಮರಳಿದ್ದು ಲೆಕ್ಕಕ್ಕೆ ಸರಿ ಹೊಂದುತ್ತದೆ. ಮಂಗಳೂರಿನಲ್ಲಿ ಮತ್ತೊಂದು ಸೊಳ್ಳೆ ಕಚ್ಚಿರಲೂಬಹುದು. ಎರಡನ್ನೂ ಬೇರೆ ಮಾಡಿ ಹೇಳುವ ಪರೀಕ್ಷೆ ನಮ್ಮ ಆಸ್ಪತ್ರೆಗಳಲ್ಲಿ ಇಲ್ಲ, ಬೇಕಾಗಿಯೂ ಇಲ್ಲ. ಚಿಕಿತ್ಸೆ ಒಂದೇ.

ಇನ್ನೊಂದು ವಿಷಯ 2021ರಲ್ಲಿ ಪ್ರಕಟವಾಗಿ ನಮ್ಮನ್ನೆಲ್ಲ ಬೆಚ್ಚಿಬೀಳಿಸಿತು. ಇಂಡೋನೇಷ್ಯಾದ ಪಪುವಾದಲ್ಲಿ ಅಪಘಾತ ಮುಂತಾದ ಕಾರಣಕ್ಕೆ ಗುಲ್ಮ ತೆಗೆಸಿಕೊಂಡವರ ಗುಲ್ಮಗಳನ್ನು ಪರೀಕ್ಷಿಸಿದರು. ಮಲೇರಿಯಾದ ಲಕ್ಷಣವೇ ಇಲ್ಲದವರ ಗುಲ್ಮದಲ್ಲಿ ಜೀವಂತ ರೋಗಾಣುಗಳು ರಾಶಿ ಬಿದ್ದಿದ್ದವು. ವೈವಾಕ್ಸ್‌ನದ್ದಂತೂ ಹೆಚ್ಚುಕಡಿಮೆ ಪೂರ್ತಿ ಅಲ್ಲೇ ಇತ್ತು, ರಕ್ತದಲ್ಲಿ ಹರಿಯುತ್ತಿದ್ದದ್ದು ಚೂರೇ ಚೂರು. ಕಳ್ಳನನ್ನು ಹಿಡಿಯುವ ಠಾಣೆಯಲ್ಲೇ ಕಳ್ಳ ಮನೆ ಮಾಡಿಕೊಂಡಿದ್ದ! ಹಾಗಂತ ಗುಲ್ಮ ತೆಗೆಸಿದರೆ ಒಳ್ಳೆಯದು ಅಂದುಕೊಳ್ಳಬೇಡಿ. ಗುಲ್ಮ ಇಲ್ಲದವರಿಗೆ ಮಲೇರಿಯಾ ಬಂದರೆ ಜೋರಾಗಿ ಬರುತ್ತದೆ.

ಹಾಗಾದರೆ ಉರಿಯೂತದಿಂದ ಕೆಡುಕೇ ಇಲ್ಲವೇ? ಇದೆ. ಸೂಜಿಯವರ ಮಾತಿನಲ್ಲಿರುವ ಅರ್ಧ ಸತ್ಯ ಇಲ್ಲಿದೆ. ಮೊನೊಸೈಟ್‌ಗಳು ತಿನ್ನುತ್ತಾ ಟಿಎನ್‌ಎಫ್ ಮುಂತಾದ ಪದಾರ್ಥಗಳನ್ನು ಹೊರಬಿಡುತ್ತವೆ. ಜ್ವರ, ಮೈಕೈ ನೋವು, ಹಸಿವು ಸತ್ತುಹೋಗುವುದು, ಇವೆಲ್ಲ ಅದರಿಂದಲೇ. ಹಸಿವು ಜಾಸ್ತಿಯಾದ ನುಂಗುವ ಕಣಗಳು ರೋಗಾಣು ಇಲ್ಲದ ಕೆಂಪು ಕಣಗಳನ್ನೂ ನುಂಗುತ್ತವೆ. ರೋಗಾಣು ಹಾಳು ಮಾಡಿದ್ದಕ್ಕಿಂತ ಹೀಗೆ ಹೋಗುವ ಒಳ್ಳೆಯ ಕಣಗಳೇ ಹೆಚ್ಚು. ಮಜ್ಜೆ ಹೊಸ ಕಣ ಮಾಡುವ ವೇಗವನ್ನೂ ಉರಿಯೂತ ತಗ್ಗಿಸುತ್ತದೆ. ತಮ್ಮನ ಹಿಮೋಗ್ಲೋಬಿನ್ 9.8ಕ್ಕೆ ಇಳಿಯಲು ಇಷ್ಟು ಸಾಕು. ಪ್ಲೇಟ್‌ಲೆಟ್ ಇಳಿದಿರುವುದಕ್ಕೂ ಬಹುಪಾಲು ಕಾರಣ ಇದೇ ಗಲಾಟೆ ಮತ್ತು ಊದಿದ ಗುಲ್ಮ. ರಕ್ತ ಸೋರುತ್ತಿಲ್ಲ ಅಂದರೆ 82 ಸಾವಿರಕ್ಕೆ ಪ್ಲೇಟ್‌ಲೆಟ್ ಏರಿಸಬೇಕಿಲ್ಲ. ಮಲೇರಿಯಾ ಇಳಿದರೆ ಕೆಲವೇ ದಿನಗಳಲ್ಲಿ ತಾನೇ ಏರುತ್ತದೆ. ಪಪ್ಪಾಯಿ ಎಲೆ ರಸ ಕುಡಿಸಿದವರು ಆ ಹೆಸರು ರಸಕ್ಕೆ ಕೊಡುತ್ತಾರೆ, ಅಷ್ಟೇ.

ದೇಹಕ್ಕೂ ಇದು ಗೊತ್ತು. ಗಲಾಟೆ ಹೆಚ್ಚಾದಾಗ ತಣ್ಣಗಾಗಿಸುವ ಪದಾರ್ಥಗಳನ್ನೂ ಅದೇ ಬಿಡುತ್ತದೆ. ಐಎಲ್-10 ಅಂತ ಒಂದಿದೆ. ವಿಚಿತ್ರ ಅಂದರೆ ಬೆಂಕಿ ಹಚ್ಚುವ ಇಂಟರ್‌ಫೆರಾನ್ ಬಿಡುವ ಕೆಲವು ಬಿಳಿ ಕಣಗಳೇ ಇದನ್ನೂ ಬಿಡುತ್ತವೆ. ಒಲೆಯ ಮುಂದೆ ಕುಳಿತ ಅವ್ವ ಒಂದು ಕೈಯಲ್ಲಿ ಸೌದೆ ತಳ್ಳಿ, ಇನ್ನೊಂದರಲ್ಲಿ ಎಳೆದ ಹಾಗೆ. ಈ ಅಳತೆ ತಪ್ಪಿದಾಗ, ಅದರಲ್ಲೂ ಫಾಲ್ಸಿಪೇರಂನಲ್ಲಿ, ಪ್ರಾಣಕ್ಕೆ ಸಂಚಕಾರ.

ಹಾಗಾದರೆ ಹೊರಗಿನಿಂದ ನಾವು ಸೌದೆ ಎಳೆದರೆ? ವೈದ್ಯರೂ ಹಾಗೇ ಯೋಚಿಸಿದ್ದರು. ಮೆದುಳಿಗೆ ಏರಿದ ಮಲೇರಿಯಾದಲ್ಲಿ ಡೆಕ್ಸಾಮೆಥಸೋನ್ ಕೊಡುವುದು ಒಂದು ಕಾಲಕ್ಕೆ ರೂಢಿಯಲ್ಲಿತ್ತು. 1982ರಲ್ಲಿ ಥಾಯ್ಲೆಂಡಿನ ಪರೀಕ್ಷೆಯೊಂದರ ಫಲಿತಾಂಶ ಬಂತು. ಡೆಕ್ಸಾ ಪಡೆದವರಲ್ಲಿ ಸಾವು ಕಡಿಮೆಯಾಗಲಿಲ್ಲ. ಎಚ್ಚರ ಬರಲು ಇನ್ನೂ ಹೆಚ್ಚು ಹೊತ್ತು ಹಿಡಿಯಿತು, ನ್ಯುಮೋನಿಯಾ, ಹೊಟ್ಟೆಯಲ್ಲಿ ರಕ್ತಸ್ರಾವ ಜಾಸ್ತಿಯಾದವು. ಆಮೇಲೆ ಮಲೇರಿಯಾ ಚಿಕಿತ್ಸೆಯಿಂದ ಅದನ್ನು ಕೈಬಿಟ್ಟರು. ನಮ್ಮ ಹಳ್ಳಿಗಳ ಸೂಜಿಯಿಂದ ಇನ್ನೂ ಬಿಟ್ಟಿಲ್ಲ. ಕಾರಣ ಸುಲಭ. ಡೆಕ್ಸಾ ಹಾಕಿದ ಎರಡು ತಾಸಿಗೆ ಜ್ವರ ಇಳಿಯುತ್ತದೆ, ಹಸಿವಾಗುತ್ತದೆ, ಮುಖದಲ್ಲಿ ಕಳೆ ಬರುತ್ತದೆ. ‘ಕೈಗುಣ’ ಅನ್ನುತ್ತಾರೆ ಜನ. ಒಳಗೆ ರೋಗಾಣು ಇದ್ದಲ್ಲೇ ಇರುತ್ತದೆ, ಅದನ್ನು ಹಿಡಿಯುವವರ ಕೈ ಮಾತ್ರ ಕಟ್ಟಿದಂತಾಗುತ್ತದೆ. ಬಳ್ಳಾರಿಯಲ್ಲಿ ನಾನು ನೋಡಿದ ಸುಸ್ತಾದ ಮಲೇರಿಯಾ ರೋಗಿಗಳಲ್ಲಿ ‘ಮೂರು ದಿನ ಸೂಜಿ, ಸಲೈನ್ ಹಚ್ಚಿಸಿದ್ವಿ ಸರ್, ಆರಾಮ ಆಗಿತ್ತು’ ಅಂದವರು ಎಷ್ಟೋ ಮಂದಿ. ಆ ಮೂರು ದಿನವೇ ಅವರಿಗೆ ದುಬಾರಿಯಾಗಿತ್ತು.

ಜ್ವರ ತಡೆಯಲಾಗದಿದ್ದರೆ ಪ್ಯಾರಾಸಿಟಮಾಲ್ ಸಾಕು, ಅಳತೆ ಮೀರದಂತೆ. ಇಬುಪ್ರೊಫೆನ್, ಡೈಕ್ಲೋಫಿನಾಕ್‌ನಂಥ ನೋವಿನ ಗುಳಿಗೆಗಳನ್ನು ಪ್ಲೇಟ್‌ಲೆಟ್ ಕಡಿಮೆ ಇರುವಾಗ ನುಂಗುವುದು ಬೇಡ.

ರೋಗನಿರೋಧಕ ಶಕ್ತಿ ಹೆಚ್ಚಿಸುವ ಪುಡಿ, ಕಷಾಯಗಳ ಬಗ್ಗೆಯೂ ಮೊಬೈಲಿನಲ್ಲಿ ನೋಡಿರುತ್ತೀರಿ, ಅಲ್ವಾ? ಮೇಲೆ ಹೇಳಿದ್ದನ್ನು ಓದಿದ ಮೇಲೆ ನಿಮಗೇ ಪ್ರಶ್ನೆ ಬರಬೇಕು, ಯಾವುದನ್ನು ಹೆಚ್ಚಿಸುವುದು? ಸೌದೆ ತಳ್ಳುವ ಕೈಯನ್ನೋ, ಎಳೆಯುವ ಕೈಯನ್ನೋ? ಅಮೃತಬಳ್ಳಿ ಕುಡಿಯುವವರು ಕುಡಿಯಲಿ, ಗುಳಿಗೆ ಬಿಟ್ಟು ಕುಡಿಯಬಾರದು ಅಷ್ಟೇ.

ಬರೆ ಬಗ್ಗೆ ದೊಡ್ಡವ್ವನಿಗೆ ನನ್ನ ಪರವಾಗಿ ಹೀಗೆ ಹೇಳಿ. ಅವರ ಕಾಲದಲ್ಲಿ ಬರೆ ಹಾಕಿದ ಮೇಲೆ ಗುಲ್ಮ ಇಳಿದದ್ದು ನಿಜವೇ ಇರಬಹುದು. ಮಲೇರಿಯಾದ ಗುಲ್ಮ ಎಷ್ಟೋ ಸಲ ತಾನಾಗಿಯೇ ಇಳಿಯುತ್ತದೆ, ಬರೆ ಹಾಕಿದವರಿಗೂ ಹಾಕದವರಿಗೂ. ಗಾಯ ಕೀವಾಗುವುದು ಮಾತ್ರ ಹಾಕಿಸಿಕೊಂಡವರಿಗೆ. ಹೊಟ್ಟೆ ತಿಕ್ಕಿಸುವುದು ಇದಕ್ಕಿಂತ ಅಪಾಯ. ಊದಿದ ಗುಲ್ಮದ ಹೊದಿಕೆ ಬಿಗಿದಿರುತ್ತದೆ, ಒತ್ತಿದರೆ ಅಪರೂಪಕ್ಕೆ ಒಡೆಯುತ್ತದೆ.

ಇನ್ನು ಮಾಡಬೇಕಾದ ಕೆಲಸ. ತಮ್ಮನನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ತಾಲ್ಲೂಕು ಆಸ್ಪತ್ರೆಗೋ ಕರೆದುಕೊಂಡು ಹೋಗಿ, ಪ್ರೈಮಾಕ್ವಿನ್ ಪೂರ್ತಿ ಆಗಿಲ್ಲ ಎಂದು ಮುಚ್ಚುಮರೆ ಇಲ್ಲದೆ ಹೇಳಿ. ಬೈಯುತ್ತಾರೆ ಅಂತ ಸುಮ್ನೆ ಇರಬೇಡಿ. ಈ ಗುಳಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಆದರೆ ಇದಕ್ಕೊಂದು ಮುಳ್ಳಿದೆ. ಜಿ6ಪಿಡಿ ಎಂಬ ಕಿಣ್ವ ಹುಟ್ಟಿನಿಂದಲೇ ಕಡಿಮೆ ಇರುವವರಿಗೆ ಪ್ರೈಮಾಕ್ವಿನ್ ಕೊಟ್ಟರೆ ಕೆಂಪು ಕಣಗಳು ಒಡೆಯುತ್ತವೆ. ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಬರುವ ಕೊರತೆ ಇದು. ಒಂದು ರಕ್ತ ಪರೀಕ್ಷೆಯಿಂದ ಗೊತ್ತಾಗುತ್ತದೆ, ಮಾಡಿಸಲು ಕೇಳಿ. ಮೊದಲ ಸಲ ನಾಲ್ಕು ದಿನ ನುಂಗಿದಾಗ ಮೂತ್ರ ಕೋಲಾ ಬಣ್ಣಕ್ಕೆ ತಿರುಗಿತ್ತಾ ಅಂತ ಅವನನ್ನು ಕೇಳಿ. ಇಲ್ಲ ಅಂದರೆ ಒಳ್ಳೆಯ ಸೂಚನೆ, ಆದರೂ ಪರೀಕ್ಷೆಗೆ ಬದಲಿ ಅಲ್ಲ. ಕೊರತೆ ಇದೆ ಎಂದಾದರೆ ದಾರಿ ಮುಚ್ಚುವುದಿಲ್ಲ. ವೈದ್ಯರ ಕಣ್ಣಳತೆಯಲ್ಲಿ ವಾರಕ್ಕೊಮ್ಮೆಯಂತೆ 8 ವಾರ ಕೊಡುವ ಕ್ರಮ ಇದೆ. ಕೊರತೆ ಇಲ್ಲ ಎಂದಾದರೆ 14 ದಿನ, ಒಂದೂ ತಪ್ಪದಂತೆ. ಗುಳಿಗೆ ಶುರುವಾದ ಮೇಲೆ ಮೂತ್ರ ಕಪ್ಪಾದರೆ, ಕಣ್ಣು ಹಳದಿಯಾದರೆ, ನಡೆದರೆ ಏದುಸಿರು ಬಂದರೆ ನಿಲ್ಲಿಸಿ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಪರೀಕ್ಷೆ ತಡವಾಗುತ್ತದೆ, ಗುಳಿಗೆ ಆಮೇಲೆ ನೋಡೋಣ ಅಂತ ಬಿಟ್ಟರೆ? ಸಾಯುವ ಸಾಧ್ಯತೆ ಕಡಿಮೆ. ಆದರೆ ಇನ್ನೊಂದೆರಡು ತಿಂಗಳಿಗೆ ಮತ್ತೆ ಚಳಿ, ಮತ್ತೆ ರಕ್ತ ಇಳಿಯುವುದು, ಮತ್ತೆ ಹತ್ತು ದಿನದ ಕೂಲಿ ಹೋಗುವುದು. ಜೊತೆಗೆ ಊರಿನ ಸೊಳ್ಳೆಗಳಿಗೆ ಅವನಿಂದ ರೋಗಾಣು ಸಿಗುತ್ತದೆ. ನಿಮ್ಮ ಕಡೆ ಎಡದಂಡೆ ಕಾಲುವೆ, ಗದ್ದೆ, ತೂಬಿನ ಪಕ್ಕದ ನಿಂತ ನೀರು, ಎಲ್ಲ ಇವೆ. ಸೊಳ್ಳೆಗೆ ಬರ ಇಲ್ಲ.

ಗುಲ್ಮಕ್ಕೆ ಬೇರೆ ಔಷಧಿ ಬೇಡ. ಕಾಯುವುದೇ ಔಷಧಿ. ಕೆಲವು ವಾರಗಳಲ್ಲಿ ಇಳಿಯಲು ಶುರುವಾಗುತ್ತದೆ. ಆರೇಳು ವಾರ ಬಿಟ್ಟು ಮತ್ತೊಂದು ಸ್ಕ್ಯಾನ್ ಮಾಡಿಸಿ, ಹಿಮೋಗ್ಲೋಬಿನ್ ಕೂಡ ನೋಡಿಸಿ. ಮೂರು ತಿಂಗಳಾದರೂ ಊತ ಹಾಗೇ ಇದ್ದರೆ ಆಗ ಲಿವರ್ ತೊಂದರೆ, ರಕ್ತದ ಕಾಯಿಲೆ ಅಂತ ಬೇರೆ ಕಾರಣ ಹುಡುಕಬೇಕು. ಅಲ್ಲಿಯವರೆಗೆ ಸಿಮೆಂಟ್ ಚೀಲ ಹೊರುವುದು, ಕಬಡ್ಡಿ, ಹೊಟ್ಟೆಗೆ ಪೆಟ್ಟು ಬೀಳುವ ಕೆಲಸ ಬೇಡ. ಎಡ ಹೊಟ್ಟೆಯ ಮೇಲ್ಭಾಗದಲ್ಲಿ ದಿಢೀರ್ ನೋವು, ಅದು ಎಡ ಭುಜಕ್ಕೆ ಹೊಡೆಯುವುದು, ತಲೆ ಸುತ್ತಿ ಬೀಳುವುದು ಆದರೆ ಒಂದು ಗಳಿಗೆಯೂ ತಡ ಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಿ. ಜ್ವರ ಮರಳಿ ಮಂಪರು, ಫಿಟ್ಸ್, ಉಸಿರಾಟದ ತೊಂದರೆ, ನಿಲ್ಲದ ವಾಂತಿ, ಮೂತ್ರ ಕಡಿಮೆಯಾಗುವುದು ಇದ್ದರೂ ಅಷ್ಟೇ. ವೈವಾಕ್ಸ್ ಅಂತ ಹಿಂದೆ ಹೇಳಿದ್ದರೂ ಈ ಸಲ ಫಾಲ್ಸಿಪೇರಂ ಸೇರಿರಬಹುದು.

ಮತ್ತೆ ಜ್ವರ ಬಂದಾಗ ಟೈಫಾಯ್ಡಿನ ವಿಡಾಲ್ ರಕ್ತ ಪರೀಕ್ಷೆ ಒಂದೇ ನೋಡಿ ‘ಟೈಫಾಯ್ಡ್ ಕೂಡ ಇದೆ’ ಅಂತ ಯಾರಾದರೂ ಅಂದರೆ ಕೂಡಲೇ ಒಪ್ಪಬೇಡಿ. ಮಲೇರಿಯಾದಲ್ಲಿ ವಿಡಾಲ್ ಸುಳ್ಳು ಪಾಸಿಟಿವ್ ಬರುವುದುಂಟು. ಮಲೇರಿಯಾದ ಕಿಟ್ ಪರೀಕ್ಷೆ ಫಾಲ್ಸಿಪೇರಂ ಆದವರಲ್ಲಿ ರೋಗ ಹೋದ ಮೇಲೂ ವಾರಗಟ್ಟಲೆ ಪಾಸಿಟಿವ್ ತೋರಿಸಬಹುದು. ಹಾಗಾಗಿ ಚಿಕಿತ್ಸೆ ಆದವರಿಗೆ ಗಾಜಿನ ಸ್ಲೈಡ್ ನೋಡಿಸುವುದೇ ಮೇಲು.

ಹದಿನೈದು ದಿನಕ್ಕೆ ವಾಪಸ್ ಹೋಗುವ ಮಾತು. ಕೂಲಿಯ ಕಷ್ಟ ನನಗೆ ಗೊತ್ತು, ಆದರೂ ಗುಳಿಗೆ ಮುಗಿಯುವವರೆಗೆ ಊರಲ್ಲೇ ಇರಲಿ, ದಿನಾ ನಿಮ್ಮ ಕಣ್ಣೆದುರು ನುಂಗಲಿ. ಆಶಾ ಕಾರ್ಯಕರ್ತೆಗೆ ಹೇಳಿಟ್ಟರೆ ಅವರೂ ಬಂದು ವಿಚಾರಿಸುತ್ತಾರೆ. ಹೋದ ಮೇಲೂ ಕೆಲ ವಾರ ಹಗುರ ಕೆಲಸ ಕೇಳಲಿ. ಚಿಕಿತ್ಸೆಯ ಚೀಟಿಯ ಫೋಟೊ ಮೊಬೈಲಿನಲ್ಲಿ ಇರಲಿ. ಅಲ್ಲಿ ಕಟ್ಟಡದ ಕ್ಯೂರಿಂಗ್‌ಗೆ ನಿಲ್ಲಿಸಿದ ನೀರು, ಮುಚ್ಚಳ ಇಲ್ಲದ ಡ್ರಮ್ಮುಗಳಲ್ಲಿ ಪಟ್ಟಣದ ಮಲೇರಿಯಾ ಸೊಳ್ಳೆ ಹುಟ್ಟುತ್ತದೆ. ಅದು ರಾತ್ರಿ ಕಚ್ಚುವ ಸೊಳ್ಳೆ. ಶೆಡ್ಡಿನಲ್ಲಿ ಮಲಗುವಾಗ ಪರದೆ ಕಟ್ಟಿಕೊಳ್ಳಲಿ. ಲಸಿಕೆ ಇದೆಯಂತಲ್ಲ ಅಂತ ಯಾರಾದರೂ ಕೇಳಿಯಾರು. 2021ರಲ್ಲಿ ಒಂದಕ್ಕೆ, 2023ರಲ್ಲಿ ಪುಣೆಯಲ್ಲಿ ತಯಾರಾಗುವ ಇನ್ನೊಂದಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿಗೆ ಕೊಟ್ಟಿದೆ. ಎರಡೂ ಚಿಕ್ಕ ಮಕ್ಕಳಿಗೆ, ಎರಡೂ ಫಾಲ್ಸಿಪೇರಂಗೆ. ನಿಮ್ಮ ತಮ್ಮನಿಗೆ ಉಪಯೋಗಕ್ಕಿಲ್ಲ.

ಮೊಟ್ಟೆ ನಂಜಲ್ಲ. ಅಷ್ಟು ರಕ್ತ ಇಳಿದಿರುವಾಗ ಮೊಟ್ಟೆ, ಬೇಳೆ, ಶೇಂಗಾ, ಸೊಪ್ಪು, ಏನು ಸೇರುತ್ತದೋ ಅದನ್ನು ಕೊಡಿ. ಪ್ರೈಮಾಕ್ವಿನ್ ಹೊಟ್ಟೆ ಉರಿಸುವುದು ಖಾಲಿ ಹೊಟ್ಟೆಯಲ್ಲಿ ನುಂಗಿದಾಗ. ಕೆಲಸಕ್ಕೆ ಓಡುವ ಗಡಿಬಿಡಿಯಲ್ಲಿ ಬರೀ ಚಹಾ ಕುಡಿದು ನುಂಗಿರುತ್ತಾನೆ, ಕೇಳಿ ನೋಡಿ. ಈ ಸಲ ಎರಡು ರೊಟ್ಟಿ, ಒಂದು ಮೊಟ್ಟೆ ತಿನ್ನಿಸಿ, ಆಮೇಲೆ ಗುಳಿಗೆ ಕೊಡಿ.